ಸುರಪುರದ ಜಾತಕವೂ ಕಥೆಯ ತಿರುವೂ

ಸುರಪುರದ ರಾಜಾ ವೆಂಕಟಪ್ಪ ನಾಯಕನ ಕೊನೆಯ ದಿನಗಳನ್ನು ಯಾರಾದರೂ ಹೊಸ ಕಥೆಗಾರ ಕಥೆ ಮಾಡಿ ಪತ್ರಿಕೆಗೆ ಕಳಿಸಿದ್ದರೆ, ಸಂಪಾದಕರು ಅದನ್ನು ವಿಷಾದಪತ್ರದೊಂದಿಗೆ ಹಿಂದಿರುಗಿಸುತ್ತಿದ್ದರು. ‘ಅಂತ್ಯ ನಂಬುವಂತಿಲ್ಲ’ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದರೇನೋ. ಆದರೆ ಅದು ನಡೆದದ್ದು. ಅದನ್ನು ಬರೆದಿಟ್ಟವನು ಸ್ವತಃ ಒಬ್ಬ ಕಾದಂಬರಿಕಾರ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ.

ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1841ರ ಕೊನೆಯಲ್ಲಿ. ಆಗ ರಾಜ ಇನ್ನೂ ಏಳೆಂಟು ವರ್ಷದ ಹುಡುಗ. ಅರಮನೆಯಲ್ಲಿ ಜಗಳ, ಬೊಕ್ಕಸದಲ್ಲಿ ಸಾಲ, ಹೊರಗೆ ನಿಜಾಮನ ಬಾಕಿಯ ತಗಾದೆ. ರಾಜ್ಯಭಾರ ನೋಡಿಕೊಳ್ಳಲು ಬಂದ ಈ ಇಂಗ್ಲಿಷ್ ಅಧಿಕಾರಿ 1853ರವರೆಗೆ ಅಲ್ಲಿದ್ದ. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡ. ಅದನ್ನೇ ಊರವರು ಇವತ್ತಿಗೂ ಟೇಲರ್ ಮಂಜಿಲ್ ಎನ್ನುವುದು. ಹುಡುಗ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಕಂಪನಿಯ ಅಧಿಕಾರಿಗೂ ಬೇಡರ ದೊರೆಮಗನಿಗೂ ನಡುವೆ ಇಂಥದೊಂದು ಸಂಬಂಧ ಬೆಳೆದದ್ದೇ ಯಾರೂ ನಿರೀಕ್ಷಿಸದ ಸಂಗತಿ.

ಈ ಹುಡುಗನ ಜಾತಕದಲ್ಲಿ ಒಂದು ಮಾತಿತ್ತಂತೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಇವನಿಗೆ ಸಾವು. ಅರಮನೆಯಲ್ಲಿ ಬೆರಳೆಣಿಕೆಯ ಜನರಿಗಷ್ಟೇ ಇದು ಗೊತ್ತು. ಟೇಲರ್‌ಗೂ ತಿಳಿಯಿತು. ಅವನು ಅದನ್ನು ಗುಟ್ಟಾಗಿ ಇಟ್ಟುಕೊಂಡ. ಹುಡುಗ ದೊಡ್ಡವನಾದ, 1853ರಲ್ಲಿ ಅಧಿಕಾರ ವಹಿಸಿಕೊಂಡ, ಟೇಲರ್ ಬೇರೆ ಕಡೆಗೆ ಹೋದ. ಆಮೇಲೆ 1857 ಬಂತು. 1858ರ ಫೆಬ್ರವರಿಯಲ್ಲಿ ಸುರಪುರ ಕಂಪನಿಯ ಸೈನ್ಯದ ವಿರುದ್ಧ ಎದ್ದು ನಿಂತಿತು. ಕಾಳಗ ನಡೆಯಿತು. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ವಿಚಾರಣೆಯಾಗಿ ಮರಣದಂಡನೆ ಗೊತ್ತಾಯಿತು. ಅವನಿಗೆ ಆಗ ಇಪ್ಪತ್ತನಾಲ್ಕರ ಸುಮಾರು. ಅಲ್ಲಿಗೆ ಜಾತಕ ನಿಜವಾಯಿತು, ಕಥೆ ಮುಗಿಯಿತು ಎನ್ನಬೇಕು ತಾನೆ?

ಮುಗಿಯಲಿಲ್ಲ. ಶಿಕ್ಷೆ ಇಳಿಯಿತು. ಮೊದಲು ಮರಣದಂಡನೆ ಹೋಗಿ ದೇಶಾಂತರವಾಯಿತು. ಆಮೇಲೆ ಅದೂ ಹೋಗಿ ಮದರಾಸಿನ ಕಡೆಯ ಚೆಂಗಲ್‌ಪಟ್ಟಿನಲ್ಲಿ ನಾಲ್ಕೇ ವರ್ಷದ ಸೆರೆವಾಸವಾಯಿತು. ನಡತೆ ನೋಡಿ ರಾಜ್ಯ ಮರಳಿ ಕೊಡುವ ಮಾತೂ ಇತ್ತು. ಜಾತಕ ಸುಳ್ಳಾಯಿತು, ಹುಡುಗ ಬದುಕಿದ ಎಂದು ಟೇಲರ್ ನಿಟ್ಟುಸಿರು ಬಿಟ್ಟ. ಸೆರೆಯಾಳಾಗಿ ಸಾಗುತ್ತಿದ್ದ ದಾರಿಯಲ್ಲಿ ಒಂದು ಕಡೆ ಡೇರೆ ಹಾಕಿದ್ದರು. ಕಾವಲಿನ ಅಧಿಕಾರಿ ಹೊರಗೆ ಹೋದ. ಅವನ ರಿವಾಲ್ವರ್ ಒಳಗೇ ಇತ್ತು. ಗುಂಡಿನ ಸದ್ದು ಕೇಳಿ ಓಡಿ ಬಂದು ನೋಡಿದರೆ ರಾಜ ಸತ್ತು ಬಿದ್ದಿದ್ದ.

ತಾನೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ, ಬೇರೆ ಯಾರಾದರೂ ಹೊಡೆದರೋ, ಆ ವಾದ ಇರಲಿ. ಇಲ್ಲಿ ಬೇಕಾದದ್ದು ಬೇರೆ. ಈ ಪ್ರಸಂಗವನ್ನು ಮೊದಲ ಸಲ ಕೇಳಿದವರು ಯಾರೇ ಇರಲಿ, ಗುಂಡಿನ ಸದ್ದಿನ ಹೊತ್ತಿಗೆ ಒಂದು ಕ್ಷಣ ಉಸಿರು ಹಿಡಿಯುತ್ತಾರೆ. ಯಾಕೆ? ಇಪ್ಪತ್ತನಾಲ್ಕಕ್ಕೆ ಸಾಯುತ್ತಾನೆ ಎಂದು ಮೊದಲೇ ಹೇಳಿ ಆಗಿತ್ತಲ್ಲ! ಗೊತ್ತಿದ್ದ ಸಂಗತಿಯೇ ಆದಾಗ ಆಶ್ಚರ್ಯ ಎಲ್ಲಿಂದ ಬಂತು?

ಬಂದದ್ದು ಆ ನಡುವಿನ ಕ್ಷಮೆಯಿಂದ. ಶಿಕ್ಷೆ ಇಳಿದ ಸುದ್ದಿ ಇಲ್ಲದಿದ್ದರೆ ಇದೊಂದು ನೇರ ಕಥೆ. ಜಾತಕ ಹೇಳಿತು, ಹಾಗೇ ಆಯಿತು. ಹಳ್ಳಿಯ ಕಟ್ಟೆಯ ಮೇಲೆ ಕೂತವರು ‘ಹೌದು ಬಿಡ್ರಿ, ಹಣೆಬರಹ’ ಎಂದು ಬೀಡಿ ಹಚ್ಚಿ ಎದ್ದು ಹೋಗುತ್ತಿದ್ದರು. ಕ್ಷಮೆ ಬಂದದ್ದರಿಂದ ಕೇಳುವವನು ಕೈಯಲ್ಲಿ ಹಿಡಿದುಕೊಂಡಿದ್ದ ಭಯವನ್ನು ಕೆಳಗಿಟ್ಟ. ಕೈ ಖಾಲಿಯಾದಾಗ ಪೆಟ್ಟು ಬಿತ್ತು. ಕಥೆಯಲ್ಲಿ ಬೆರಗು ಹುಟ್ಟಿಸುವುದೆಂದರೆ ಓದುಗನಿಂದ ಏನನ್ನೋ ಬಚ್ಚಿಡುವುದು ಎಂದು ಅನೇಕ ಹುಡುಗ ಹುಡುಗಿಯರು ತಿಳಿದಿದ್ದಾರೆ. ಸುರಪುರದ ಈ ಪ್ರಸಂಗದಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಎಲ್ಲವೂ ಮೇಜಿನ ಮೇಲೇ ಇತ್ತು.

ಇದರಲ್ಲಿ ಇನ್ನೊಂದು ಕುತೂಹಲದ ಅಂಶವಿದೆ. ಜಾತಕದ ಈ ಸಂಗತಿಯನ್ನು ಓದುಗರು ಕಂಡದ್ದು 1877ರಲ್ಲಿ, ಟೇಲರ್ ತೀರಿಕೊಂಡ ಮರುವರ್ಷ ಪ್ರಕಟವಾದ ಅವನ ಆತ್ಮಕಥೆಯಲ್ಲಿ. ರಾಜ ಸತ್ತು ಆಗಲೇ 19 ವರ್ಷವಾಗಿತ್ತು. ಅಂದರೆ ಬರೆಯುವವನಿಗೆ ಕೊನೆ ಗೊತ್ತಿತ್ತು. ಕೊನೆ ಗೊತ್ತಿದ್ದವನು ಹಿಂದಕ್ಕೆ ಹೋಗಿ, ಯಾವುದನ್ನು ಎಲ್ಲಿ ಇಡಬೇಕೋ ಅಲ್ಲಿ ಇಡುತ್ತಾನೆ. ಟೇಲರ್ ಸುಳ್ಳು ಹೇಳಿದ ಎಂದು ಇದರರ್ಥವಲ್ಲ. ಆದರೆ ಅವನು ಅಷ್ಟು ಹೊತ್ತಿಗೆ ಅರ್ಧ ಡಜನ್ ಕಾದಂಬರಿ ಬರೆದ ಕೈ. ಬೀಜ ಯಾವ ಸಾಲಿನಲ್ಲಿ ಬಿತ್ತಿದರೆ ಎಷ್ಟು ದಿನಕ್ಕೆ ಮೊಳಕೆ ಕಾಣುತ್ತದೆ ಎಂಬುದು ಅಂಥ ಕೈಗೆ ಹೇಳಿಕೊಡಬೇಕಾಗಿಲ್ಲ. ಬೆರಗಿನ ಕಥೆಗಳನ್ನು ಓದುವುದು ಮುಂದಿನಿಂದ, ಬರೆಯುವುದು ಬಹುಮಟ್ಟಿಗೆ ಹಿಂದಿನಿಂದ.

ಅವನಿಗೆ ಹೆಸರು ತಂದ ಪುಸ್ತಕ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ. 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಸುರಪುರಕ್ಕೆ ಬರುವ ಮೊದಲೇ. ಅಮೀರ್ ಅಲಿ ಎಂಬ ಥಗ್ಗ ಸೆರೆಮನೆಯಲ್ಲಿ ಕೂತು ಸಾಹೇಬನೊಬ್ಬನಿಗೆ ತನ್ನ ಕಥೆ ಹೇಳುತ್ತಾನೆ. ಥಗ್ಗರು ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಉಂಡು, ಹಾಡಿ, ನಂಬಿಸಿ, ಆಮೇಲೆ ರುಮಾಲಿನಿಂದ ಕೊರಳಿಗೆ ಉರುಳು ಹಾಕುವವರು. ಹೇಳುವವನು ಕೊಲೆಗಾರ ಎಂಬುದು ಮೊದಲ ಪುಟದಲ್ಲೇ ಗೊತ್ತು. ಆದರೂ ಓದುತ್ತ ಹೋದಂತೆ ಅವನ ಮಾತಿನ ಸೊಗಸಿಗೆ, ನಯಕ್ಕೆ, ಧೈರ್ಯಕ್ಕೆ ಓದುಗ ಮರುಳಾಗುತ್ತಾನೆ. ದಾರಿಹೋಕರಿಗೆ ಅವನು ಏನು ಮಾಡಿದನೋ ಅದನ್ನೇ ಓದುಗನಿಗೂ ಮಾಡುತ್ತಿದ್ದಾನೆ ಎಂಬ ಅರಿವು ಬರುವ ಹೊತ್ತಿಗೆ ತಡವಾಗಿರುತ್ತದೆ. ಕಥೆಯೊಳಗೆ ಇನ್ನೊಂದು ಪೆಟ್ಟೂ ಇದೆ. ತಾನು ಕೊಲ್ಲುತ್ತಿರುವುದು ತನ್ನ ಒಡಹುಟ್ಟಿದ ಅಕ್ಕತಂಗಿಯನ್ನು ಎಂದು ತಿಳಿಯದೆ ಅವನು ಒಬ್ಬ ಹೆಂಗಸಿನ ಸಾವಿಗೆ ಕಾರಣನಾಗುತ್ತಾನೆ. ಆದರೆ ಆ ಎರಡನೆಯದಕ್ಕಿಂತ ಮೊದಲನೆಯದೇ ಹೆಚ್ಚು ಕಾಲ ಕಾಡುವಂಥದು. ಅಮೀರ್ ಅಲಿಯ ಗುಟ್ಟು ತಿಳಿದಾಗ ಅಯ್ಯೋ ಅನ್ನಿಸುತ್ತದೆ. ಕೊಲೆಗಾರನೊಬ್ಬನನ್ನು ಇಷ್ಟು ಹೊತ್ತು ಮೆಚ್ಚಿಕೊಂಡು ಕೂತಿದ್ದೆವಲ್ಲ ಎಂದು ಹೊಳೆದಾಗ ಮಾತ್ರ ಮೈ ಜುಮ್ಮೆನ್ನುತ್ತದೆ.

ಈಗ ಶಹಾಪುರಕ್ಕೆ ಬರೋಣ. ಅಲ್ಲಿ ಪಿಯುಸಿ ಓದುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಇಂಥವರು ಪ್ರತಿ ಕಾಲೇಜಿನಲ್ಲೂ ಇಬ್ಬರು ಮೂವರು ಇರುತ್ತಾರೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕಥೆ ಕೇಳಿದ್ದಾರೆ. ಹುಡುಗ ಬರೆದಿದ್ದಾನೆ. ಅವನಿಗೆ ಗೊತ್ತಿರುವ ವಸ್ತು: ಅಪ್ಪ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ. ಈ ಕಡೆಯ ಹಳ್ಳಿಗಳಲ್ಲಿ ಗುಳೆ ಹೋಗದ ಮನೆ ಹುಡುಕಬೇಕು. ತೊಗರಿ ರಾಶಿ ಮುಗಿಯುವುದೇ ತಡ, ಯಾದಗಿರಿ ಸ್ಟೇಷನ್ನಿನಲ್ಲಿ ಚೀಲ, ಕೊಡ, ಕೂಸುಗಳ ಸಮೇತ ಜನ ರೈಲು ಕಾಯುತ್ತಾರೆ. ಹುಡುಗನ ಕಥೆಯಲ್ಲಿ ಅಪ್ಪ ಗೌಂಡಿಯ ಕೈಕೆಳಗೆ ಕೆಲಸ ಮಾಡುತ್ತಾನೆ, ಅವ್ವ ಮನೆಯಲ್ಲಿ ಕಾಯುತ್ತಾಳೆ, ಯುಗಾದಿಗೆ ಅಪ್ಪ ಬರುತ್ತೇನೆಂದಿದ್ದಾನೆ. ಹೋಳಿಗೆಗೆ ಬೇಳೆ ಬೇಯುತ್ತಿದೆ. ಆಗ ಸುದ್ದಿ ಬರುತ್ತದೆ: ಬಸ್ಸು ಪಲ್ಟಿ, ಅಪ್ಪ ಇಲ್ಲ.

ಕನ್ನಡದ ಮಾಸ್ತರರು ಓದಿ ಕೇಳುತ್ತಾರೆ:

“ಅಲ್ಲೋ ತಮ್ಮಾ, ಅವನ್ನ ಯಾಕ ಕೊಂದಿ?”

“ಯಾರೂ ಅಂದ್ಕೊಂಡಿರಬಾರದಲ್ರೀ ಸರ, ಅದಕ್ಕ.”

“ನಿನ್ನ ಕ್ಲಾಸಿನೊಳಗ ಹನ್ನೆರಡು ಮಂದಿ ಕತಿ ಕೊಟ್ಟಾರ. ಅದರಾಗ ಒಂಬತ್ತರೊಳಗ ಕಡೀಕ ಯಾರೋ ಸಾಯ್ತಾರ. ನಾಲ್ಕು ಮಂದಿ ಬಸ್ಸಿನಾಗ ಸತ್ತಾರ. ಯಾರು ಅಂದ್ಕೊಂಡಿಲ್ಲ ಹೇಳು?”

ಮಾಸ್ತರರ ಲೆಕ್ಕ ತಮಾಷೆಯದು. ಆದರೆ ವಿದ್ಯಾರ್ಥಿಗಳ ಕಥೆಗಳನ್ನು ಒಟ್ಟಿಗೆ ಕೂತು ಓದಿದವರಿಗೆ ಇದರ ಸತ್ಯ ಗೊತ್ತು. ಸಾವು ಅನಿರೀಕ್ಷಿತವಾಗಿ ಬರುತ್ತದೆ ನಿಜ. ಕಥೆಯಲ್ಲಿ ಮಾತ್ರ ಅದರಷ್ಟು ನಿರೀಕ್ಷಿತವಾದ ಅತಿಥಿ ಇನ್ನೊಬ್ಬನಿಲ್ಲ. ಅಪಘಾತ, ಕ್ಯಾನ್ಸರ್, ಕನಸಿನಿಂದ ಎಚ್ಚರಾಗುವುದು, ಕಳೆದುಹೋದ ಅಣ್ಣ ಕೊನೆಗೆ ಪೊಲೀಸ್ ಅಧಿಕಾರಿಯಾಗಿ ಬರುವುದು, ಇವೆಲ್ಲ ಒಂದು ಕಾಲದಲ್ಲಿ ಯಾರಿಗೋ ಹೊಳೆದಾಗ ಹೊಸದಾಗಿದ್ದವು. ಈಗ ಅವು ಬಸ್‌ಸ್ಟ್ಯಾಂಡಿನ ಬೆಂಚುಗಳಿದ್ದಂತೆ, ಎಲ್ಲರೂ ಕೂತು ಕೂತು ನುಣುಪಾಗಿವೆ. ಹುಡುಗ ತಿರುಗೇಟು ಹಾಕಿಯೇ ಹಾಕುತ್ತಾನೆ: “ಸರ, ಇದು ಖರೇನೂ ಆಗ್ತದಲ್ರೀ, ನಮ್ಮ ಓಣಿಯೊಳಗ ಆಗೇದ.” ಈ ಮಾತಿಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಉತ್ತರ ಬರೆದಿಟ್ಟಿದ್ದಾನೆ. ಆಗಿಹೋದದ್ದಾದರೂ ನಂಬಲಾಗದ್ದಕ್ಕಿಂತ, ಆಗದಿದ್ದರೂ ನಂಬಬಹುದಾದದ್ದು ಕಥೆಗೆ ಮೇಲು ಎಂಬುದು ಅವನ ಅಭಿಪ್ರಾಯದ ಸಾರ. ಘಟನೆಗಳು ಎಣಿಸದೆ ಬರಬೇಕು, ಆದರೆ ಒಂದರಿಂದ ಇನ್ನೊಂದು ಹುಟ್ಟಿ ಬರಬೇಕು, ಆಗಲೇ ಬೆರಗು ಹೆಚ್ಚು ಎಂದೂ ಅವನು ಹೇಳುತ್ತಾನೆ. ಬಸ್ಸು ಪಲ್ಟಿಯಾಗುವುದು ಯಾವುದರಿಂದಲೂ ಹುಟ್ಟಲಿಲ್ಲ. ಅದು ಹೊರಗಿನಿಂದ ಬಂದು ಕಥೆಗೆ ಡಿಕ್ಕಿ ಹೊಡೆಯಿತು, ಅಷ್ಟೆ.

ಸುರಪುರದ ರಿವಾಲ್ವರ್ ಬಗೆಗೂ ಇದೇ ತಕರಾರು ಎತ್ತಬಹುದು. ಬದುಕು ಅದನ್ನು ಕಡೆಯ ಗಳಿಗೆಯಲ್ಲಿ ತಂದು ಡೇರೆಯೊಳಗೆ ಇಟ್ಟಿತು. ಬದುಕಿಗೆ ಸಂಪಾದಕರ ಭಯವಿಲ್ಲ. ಕಥೆಗಾರನಾದರೆ ಎರಡು ಪುಟ ಮೊದಲೇ ಆ ಅಧಿಕಾರಿ ಊಟಕ್ಕೆ ಕೂರುವಾಗ ಸೊಂಟದ ಪಟ್ಟಿ ಬಿಚ್ಚಿ ಪಕ್ಕಕ್ಕಿಡುವ ಅಭ್ಯಾಸದವನೆಂದು ತೋರಿಸಬೇಕಾಗುತ್ತಿತ್ತು, ಅದೂ ಓದುಗನ ಕಣ್ಣು ಬೇರೆಲ್ಲೋ ಇರುವಾಗ. ರಷ್ಯದ ಚೆಕಾಫ್ ಹೇಳುತ್ತಿದ್ದನಲ್ಲ, ಮೊದಲ ಅಂಕದಲ್ಲಿ ಗೋಡೆಗೆ ಕೋವಿ ತೂಗುಹಾಕಿದರೆ ಮುಂದೆ ಅದು ಹಾರಲೇಬೇಕು ಎಂದು. ಆ ಮಾತನ್ನು ತಿರುಗಿಸಿಯೂ ನೋಡಬೇಕು. ಮುಂದೆ ಹಾರಲಿರುವ ಕೋವಿಯನ್ನು ಹಿಂದೆಲ್ಲೋ ತೂಗುಹಾಕಿರಬೇಕು, ಅದೂ ಬಟ್ಟೆ ಒಣಹಾಕುವ ಗೂಟವೆಂದು ಓದುಗ ತಿಳಿಯುವ ಹಾಗೆ.

ಮಾಸ್ತರರ ಮಾತಿಗೆ ಮುಖ ಸಣ್ಣದು ಮಾಡಿಕೊಂಡ ಹುಡುಗ ಮನೆಗೆ ಹೋಗಿ ಎರಡನೆಯ ಸಲ ಬರೆಯುತ್ತಾನೆ. ಈ ಸಲ ಅಪ್ಪ ಬದುಕಿದ್ದಾನೆ. ಯುಗಾದಿಗೆ ಬರುತ್ತಾನೆ, ಅವ್ವನಿಗೆ ಇಳಕಲ್ ಸೀರೆ ತರುತ್ತಾನೆ, ಸಾಲ ತೀರುತ್ತದೆ, ಎಲ್ಲರೂ ಬೇವು ಬೆಲ್ಲ ತಿನ್ನುತ್ತಾರೆ. ಮಾಸ್ತರರಿಗೆ ಇದೂ ಹಿಡಿಸುವುದಿಲ್ಲ. ಹುಡುಗನಿಗೆ ರೇಗುತ್ತದೆ. ಸತ್ತರೂ ತಪ್ಪು, ಬದುಕಿದರೂ ತಪ್ಪು, ಮತ್ತೇನು ಮಾಡಬೇಕು?

ಅವನ ಸಿಟ್ಟಿಗೆ ಕಾರಣವಿದೆ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ ಅವನನ್ನು ಬೆಳೆಸಿರುವುದೇ ನಿರೀಕ್ಷಿತದ ಮೇಲೆ. ಪರೀಕ್ಷೆ ಹತ್ತಿರ ಬಂತೆಂದರೆ ಗೆಸ್ ಪೇಪರ್, ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆ, ‘ಈ ಸಲ ಇದು ಬಂದೇ ಬರ್ತದ’ ಎನ್ನುವ ಟ್ಯೂಷನ್. ಎಣಿಸದ ಪ್ರಶ್ನೆ ಬಂದರೆ ಪಾಲಕರೇ ಮೊದಲು ಗಾಬರಿಯಾಗುತ್ತಾರೆ. ಪ್ರಬಂಧವನ್ನೂ ಬಾಯಿಪಾಠ ಮಾಡಿಸುವ ಮನೆಗಳಿವೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಅಲ್ಲಿಗೆ ಹತ್ತಕ್ಕೆ ಎಂಟು. ಪಾಲಕರನ್ನು ದೂರಿ ಫಲವಿಲ್ಲ. ಹೊಲವನ್ನು ನೆಚ್ಚಿ ಬದುಕಿದವರಿಗೆ ಆಕಸ್ಮಿಕವೆಂದರೆ ಮಳೆ ಕೈಕೊಡುವುದು, ಬೆಲೆ ಬೀಳುವುದು. ಮಗನ ಬದುಕಾದರೂ ಲೆಕ್ಕದ ಪ್ರಕಾರ ನಡೆಯಲಿ ಎಂದು ಅವರು ಬಯಸುವುದು ಸಹಜ. ಆದರೆ ಹನ್ನೆರಡು ವರ್ಷ ‘ಬರುವುದನ್ನೇ ಓದು’ ಎಂದು ಕಲಿತ ಕೈಗೆ ಒಂದು ಮಧ್ಯಾಹ್ನ ‘ಬಾರದ್ದನ್ನು ಬರೆ’ ಎಂದರೆ ಅದು ತಡವರಿಸದೆ ಏನು ಮಾಡೀತು?

ವಿಚಿತ್ರವೆಂದರೆ ಇದೇ ಸೀಮೆಯ ಜನಕ್ಕೆ ಮುಂಬರುವುದನ್ನು ಹೇಳುವ ಮಾತಿನ ಮೇಲೆ ಇರುವ ಪ್ರೀತಿ ಹಳೆಯದು. ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನವನ್ನು ಇವತ್ತಿಗೂ ನಂಬಿಕೆಯಿಂದ ಕೇಳುವವರಿದ್ದಾರೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಬರುತ್ತಾರೆ. ಅಲ್ಲಿಯೂ ಕಾಲಜ್ಞಾನದ ಮಾತು ಕೇಳುತ್ತದೆ. ಕಾಲಜ್ಞಾನದ ಮಾತುಗಳ ಬೆಡಗು ಇರುವುದು ಎಲ್ಲಿ? ಅವು ಇಂಥ ದಿನ ಇಂಥದ್ದಾಗುತ್ತದೆ ಎಂದು ಪಂಚಾಂಗದಂತೆ ಹೇಳುವುದಿಲ್ಲ. ಒಗಟಿನಂತೆ ಹೇಳುತ್ತವೆ. ಆದಮೇಲೆ ‘ಅಯ್ಯೋ, ಅವರು ಅಂದದ್ದು ಇದೇ ಅಲ್ಲವೇ’ ಎಂದು ಕೇಳಿದವರಿಗೆ ಹೊಳೆಯಬೇಕು. ಹೊಳೆದಾಗ ಹಳೆಯ ಮಾತೇ ಹೊಸದಾಗಿ ಕೇಳುತ್ತದೆ. ಭವಿಷ್ಯ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಕಥೆ ಬರೆಯುವವರು ಮಾತ್ರ ಆ ಮಾತಿನ ಕಟ್ಟನ್ನು ಗಮನಿಸಬೇಕು.

ಬಯಲಾಟವನ್ನೂ ನೋಡಿ. ದೊಡ್ಡಾಟಕ್ಕೆ ಚಾಪೆ ಹಾಸಿ ರಾತ್ರಿಯೆಲ್ಲ ಕೂರುವ ಜನರಿಗೆ ಕಥೆ ಗೊತ್ತಿಲ್ಲವೇ? ಮುದುಕಿಯರಿಗೆ ಮಾತುಗಳೂ ಬಾಯಿಗೆ ಬರುತ್ತವೆ. ಯಾರು ಗೆಲ್ಲುತ್ತಾರೆ, ಯಾರ ತಲೆ ಉರುಳುತ್ತದೆ ಎಂದು ಕೂಸಿಗೂ ಗೊತ್ತು. ಆದರೂ ಕೂರುತ್ತಾರೆ, ಏಕೆಂದರೆ ಆ ರಾತ್ರಿ ಸಾರಥಿ ಯಾವ ಪ್ರಶ್ನೆ ಕೇಳಿ ರಾಜನನ್ನು ತಬ್ಬಿಬ್ಬು ಮಾಡುತ್ತಾನೆ ಎನ್ನುವುದು ಯಾರಿಗೂ ಗೊತ್ತಿಲ್ಲ. ಭರತನ ನಾಟ್ಯಶಾಸ್ತ್ರ ನಾಟಕದ ಕೊನೆಯ ಭಾಗದಲ್ಲಿ ಅದ್ಭುತ ರಸವಿರಬೇಕು ಎನ್ನುತ್ತದೆ. ಅದ್ಭುತಕ್ಕೆ ಸ್ಥಾಯಿಭಾವ ವಿಸ್ಮಯ. ನಮ್ಮ ಹಳೆಯ ನಾಟಕಗಳಲ್ಲಿ ಕಥೆ ಬಹಳಷ್ಟು ಸಲ ಪ್ರೇಕ್ಷಕರಿಗೆ ಮೊದಲೇ ಪರಿಚಿತವಾದದ್ದು ಎಂಬುದನ್ನು ನೆನೆದರೆ, ಈ ವಿಸ್ಮಯ ತಿಳಿಯದಿರುವುದರಿಂದ ಬರುವಂಥದ್ದಲ್ಲ ಎಂದು ಒಪ್ಪಬೇಕಾಗುತ್ತದೆ.

ಹೊಸಗನ್ನಡದಲ್ಲಿ ಇದಕ್ಕೆ ಸೊಗಸಾದ ಉದಾಹರಣೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿಯನ್ನು ಓದಿರದ ವಿದ್ಯಾರ್ಥಿಗಳು ಮುಂದಿನ ನಾಲ್ಕು ಸಾಲು ಬಿಟ್ಟು ಓದಬಹುದು. ಕಥೆ ಪೂರ್ತಿ ಒಂದು ಹಾರುವ ಓತಿಯ ಹುಡುಕಾಟ. ಹಾರುವ ಓತಿ, ಹಾರುವ ಓತಿ ಎಂದು ಅದರ ಹೆಸರಿನಲ್ಲೇ ಹಾರುವುದು ಇದೆ. ಕೊನೆಗೆ ಕಾಡಿನ ತುದಿಯಲ್ಲಿ, ಇನ್ನೇನು ಸಿಕ್ಕಿತು ಎನ್ನುವಾಗ ಅದು ಹಾರಿ ಕಣಿವೆಯ ಆಚೆಗೆ ಹೋಗಿಬಿಡುತ್ತದೆ. ಹಾರುವ ಓತಿ ಹಾರಿತು, ಇಷ್ಟೇ. ಇದರಲ್ಲಿ ಅನಿರೀಕ್ಷಿತ ಏನಿದೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಓದಿದವರು ಮಾತ್ರ ಆ ಪುಟದಲ್ಲಿ ಒಂದು ಗಳಿಗೆ ಸುಮ್ಮನೆ ಕೂತಿರುತ್ತಾರೆ.

ಓ. ಹೆನ್ರಿ, ಮೊಪಾಸಾ ಅವರ ಕಥೆಗಳು ಪಠ್ಯಗಳಲ್ಲಿ ಬಂದು ಬಂದು ‘ಕೊನೆಯಲ್ಲಿ ತಿರುವು’ ಎಂಬ ಸೂತ್ರ ನಮ್ಮ ಮಕ್ಕಳ ತಲೆಯಲ್ಲಿ ಕೂತಿದೆ. ಮೊಪಾಸಾನ ‘ಕಂಠೀಹಾರ’ದಲ್ಲಿ ಹೆಂಡತಿ ಎರವಲು ತಂದ ಹಾರ ಕಳೆದುಕೊಂಡು, ಅದರ ಸಾಲ ತೀರಿಸಲು ಗಂಡ ಹೆಂಡಿರು ಹತ್ತು ವರ್ಷ ಸವೆಯುತ್ತಾರೆ. ಕೊನೆಗೆ ಆ ಹಾರ ನಕಲಿ ಎಂದು ತಿಳಿಯುತ್ತದೆ. ಹುಡುಗರು ಇದರಿಂದ ಕಲಿಯುವುದು ಆ ಕೊನೆಯ ವಾಕ್ಯದ ಚಮತ್ಕಾರವನ್ನು. ಮೊದಲ ಪುಟದಿಂದಲೂ ಆ ಹೆಂಗಸಿಗೆ ಹೊಳೆಯುವುದೆಲ್ಲ ಬಂಗಾರವಾಗಿ ಕಾಣುತ್ತಿತ್ತು ಎಂಬ ಸಂಗತಿಯನ್ನು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ. ಅದಿಲ್ಲದೆ ಆ ತಿರುವು ಬರಿಯ ಚೇಷ್ಟೆ.

ಮತ್ತೆ ಹುಡುಗನ ಹತ್ತಿರ ಹೋಗೋಣ. ಎರಡನೆಯ ಕಥೆಯೂ ತಿರಸ್ಕಾರವಾದ ಸಂಜೆ ಮಾಸ್ತರರು ಅವನಿಗೆ ಹೊಸದೇನೂ ಹೇಳಿಕೊಡುವುದಿಲ್ಲ. ಮೊದಲ ಪುಟ ಇನ್ನೊಮ್ಮೆ ಓದು ಅನ್ನುತ್ತಾರೆ. ‘ಅಲ್ಲಿ ಏನೇನು ಇಟ್ಟೀ ನೋಡು. ಇಟ್ಟದ್ದನ್ನ ಮರತೀಯೇನೋ.’

ಹುಡುಗ ಓದುತ್ತಾನೆ. ಮೊದಲ ಪುಟದಲ್ಲಿ ಏನಿದೆ? ಅಪ್ಪ ರೈಲು ಹತ್ತಿದ. ಅವ್ವ ನಿಂತು ನೋಡಿದಳು. ಆಮೇಲೆ ಮಳೆ ಬಂತು, ಹಿತ್ತಲ ಕಡೆಯ ಮಣ್ಣಿನ ಗೋಡೆ ಬಿತ್ತು. ಅವ್ವ ತಾನೇ ಕೆಸರು ಕಲಸಿ, ಕಲ್ಲು ಹೊಂದಿಸಿ, ಎಂಟು ದಿನದಲ್ಲಿ ಗೋಡೆ ಎಬ್ಬಿಸಿದಳು. ಈ ಕಡೆಯ ಸಂಗತಿಯನ್ನು ಹುಡುಗ ಯಾಕೆ ಬರೆದಿದ್ದ? ಸುಮ್ಮನೆ, ಪುಟ ತುಂಬಿಸಲು. ಅವ್ವ ಎಷ್ಟು ಕಷ್ಟಪಟ್ಟಳು ಎಂದು ತೋರಿಸಲು. ಈಗ ಅದರ ಮೇಲೆ ಬೆರಳಿಟ್ಟು ಕೂರುತ್ತಾನೆ.

ಮೂರನೆಯ ಸಲ ಕಥೆ ಹೀಗೆ ಸಾಗುತ್ತದೆ. ಯುಗಾದಿಗೆ ಅಪ್ಪ ಬರುತ್ತಾನೆ. ಬಸ್ಸು ಪಲ್ಟಿಯಾಗುವುದಿಲ್ಲ. ಇಳಕಲ್ ಸೀರೆಯೂ ಇಲ್ಲ, ಒಂದು ಪಾಕೀಟು ಬ್ರೆಡ್ಡು ಮತ್ತು ನೋವಿರುವ ಬೆನ್ನು ಇಷ್ಟೇ ತಂದಿದ್ದಾನೆ. ಉಂಡ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದವನು ಹೊಸ ಗೋಡೆ ನೋಡುತ್ತಾನೆ. ಅದರ ಮೇಲೆ ಕೈ ಆಡಿಸುತ್ತಾನೆ. ಒಂದು ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಗೋಡೆ ದಾರದಷ್ಟೇ ನೆಟ್ಟಗಿದೆ. ಎಷ್ಟೋ ವರ್ಷ ಗೌಂಡಿಗೆ ಕಲ್ಲು ಮಣ್ಣು ಹೊತ್ತವನಿಗೆ ಅದು ಎಂಥ ಕೈ ಎಂದು ತಿಳಿಯುತ್ತದೆ. ಏನೂ ಅನ್ನುವುದಿಲ್ಲ. ಹಬ್ಬ ಮುಗಿದು ನಾಲ್ಕು ದಿನಕ್ಕೆ ಯಾದಗಿರಿ ಸ್ಟೇಷನ್ನಿಗೆ ಮೂವರೂ ಬರುತ್ತಾರೆ. ರೈಲು ಬರುತ್ತದೆ. ಅಪ್ಪ ಚೀಲವನ್ನು ಡಬ್ಬಿಯೊಳಕ್ಕೆ ಎತ್ತಿ ಇಡುತ್ತಾನೆ, ಆಮೇಲೆ ಕೆಳಗಿಳಿದು ಹುಡುಗನ ಪಕ್ಕ ನಿಲ್ಲುತ್ತಾನೆ. ಕಿಟಕಿಯಲ್ಲಿ ಕಾಣುವುದು ಅವ್ವನ ಮುಖ.

ಅಪ್ಪನಿಗೆ ಏನೂ ಆಗಬಾರದಪ್ಪ ಎಂದು ಓದುಗ ಕಾಯುತ್ತಿದ್ದ. ಹೋಗುವವಳು ಅವ್ವ ಎಂದು ಅವನು ಎಣಿಸಿರಲಿಲ್ಲ. ಆದರೆ ಗೋಡೆ ಬಿದ್ದ ದಿನದಿಂದಲೇ ಆ ರೈಲು ಹೊರಟಿತ್ತು. ಮೂರನೆಯದನ್ನು ಬರೆದ ಮೇಲೆ ಹುಡುಗ ಮೊದಲ ಪುಟವನ್ನು ಮತ್ತೆ ತಿದ್ದಬೇಕಾಗುತ್ತದೆ. ಗೋಡೆಯ ಸಂಗತಿ ಆರು ಸಾಲಿದ್ದದ್ದು ಎರಡು ಸಾಲಾಗುತ್ತದೆ, ಏಕೆಂದರೆ ಹೆಚ್ಚು ಹೇಳಿದರೆ ಓದುಗ ಎಚ್ಚರಾಗುತ್ತಾನೆ, ಕಡಿಮೆಯಾದರೆ ಕೊನೆಗೆ ನೆನಪಾಗುವುದಿಲ್ಲ. ‘ಅವ್ವ ಎಷ್ಟು ಕಷ್ಟಪಟ್ಟಳು’ ಎಂಬ ವಾಕ್ಯ ಹೋಗುತ್ತದೆ. ಅದರ ಜಾಗದಲ್ಲಿ ಕೆಸರು ಮೆತ್ತಿದ ಬಳೆ ಬರುತ್ತದೆ.

ಶಹಾಪುರದ ಮಲಗಿದ ಬುದ್ಧನನ್ನು ನೋಡಿದವರಿಗೆ ಈ ತಿದ್ದುವ ಕೆಲಸ ಬೇಗ ಅರ್ಥವಾಗುತ್ತದೆ. ಊರಿನ ಹತ್ತಿರದ ಬೆಟ್ಟಸಾಲು ಅದು. ಅನೇಕ ಕಡೆಯಿಂದ ನೋಡಿದರೆ ಬರಿಯ ಬಂಡೆಗಳ ಗುಡ್ಡ. ರಸ್ತೆಯ ಒಂದು ಕಡೆ ನಿಂತು ನೋಡಿದರೆ ಮಾತ್ರ ಹಣೆ, ಮೂಗು, ಎದೆ ಎಲ್ಲ ಕೂಡಿಕೊಂಡು ಒಬ್ಬ ಮನುಷ್ಯ ಅಂಗಾತ ಮಲಗಿರುವುದು ಕಾಣುತ್ತದೆ. ಕಂಡವರು ಬಸ್ಸಿನಲ್ಲಿ ಪಕ್ಕದವರನ್ನು ತಿವಿದು ತೋರಿಸುತ್ತಾರೆ. ಒಮ್ಮೆ ಕಂಡ ಮೇಲೆ ಬರಿಯ ಗುಡ್ಡವಾಗಿ ನೋಡಲು ಬರುವುದಿಲ್ಲ. ಯಾರೂ ಹೊಸದಾಗಿ ಒಂದು ಬಂಡೆ ತಂದಿಟ್ಟಿಲ್ಲ. ಬಸ್ಸು ಒಂದಿಷ್ಟು ಮುಂದೆ ಬಂತು, ಅಷ್ಟೆ.

ಎಲ್ಲ ಕಥೆಗೂ ಹೀಗೆ ತಿರುವು ಇರಲೇಬೇಕೆಂದಲ್ಲ. ಇಲ್ಲದೆಯೇ ದೊಡ್ಡದಾದ ಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ‘ಚಿಕವೀರ ರಾಜೇಂದ್ರ’ ಓದುವವರಿಗೆ ಕೊಡಗಿನ ರಾಜ್ಯ ಉಳಿಯುವುದಿಲ್ಲ ಎಂದು ಮೊದಲೇ ಗೊತ್ತು, ಅದಕ್ಕಾಗಿ ಯಾರೂ ಮಾಸ್ತಿಯವರನ್ನು ಅರ್ಧಕ್ಕೆ ಕೆಳಗಿಟ್ಟಿಲ್ಲ. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಏನಾದರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ದೂರದರ್ಶನದ ಕಾಲದಿಂದ ಈಚೆಗೆ ಬೆಳೆದ ಧಾರಾವಾಹಿಗಳಲ್ಲಿ ಸತ್ತವರು ಎದ್ದು ಬರುತ್ತಾರೆ, ಮುಖ ಬದಲಿಸಿಕೊಂಡು ಬರುತ್ತಾರೆ. ನೋಡುವವರು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಲೇ ಇರುತ್ತಾರೆ.

ಹುಡುಗನ ಅವ್ವನಿಗೆ ಓದು ಅಷ್ಟಕ್ಕಷ್ಟೆ. ‘ಏನ್ ಬರದಿಯಪಾ ಇಷ್ಟು ದಿನ ದೀಪ ಹಚ್ಚಿಕೊಂಡು, ಪರೀಕ್ಷಾದ್ದು ಓದೂದು ಬಿಟ್ಟು?’ ಎಂದು ಒಂದು ರಾತ್ರಿ ಕೇಳುತ್ತಾಳೆ. ರೊಟ್ಟಿ ಬಡಿಯುತ್ತಿದ್ದಾಳೆ. ಅವನು ಓದಿ ಹೇಳುತ್ತಾನೆ. ಗೋಡೆಯ ಕಡೆ ಬಂದಾಗ ಅವಳು ಒಮ್ಮೆ ತಲೆಯೆತ್ತುತ್ತಾಳೆ. ರೈಲಿನ ಕಡೆ ಬಂದಾಗ ಕೈ ನಿಲ್ಲುತ್ತದೆ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗುತ್ತದೆ.

“ಅಕೀ ಹೋದಮ್ಯಾಲೆ ಮನ್ಯಾಗ ರೊಟ್ಟಿ ಯಾರು ಬಡೀತಾರ?” ಎನ್ನುತ್ತಾಳೆ.

ಹುಡುಗ ಅದನ್ನು ಯೋಚಿಸಿರಲಿಲ್ಲ. ಪೆನ್ನು ಹುಡುಕುತ್ತಾನೆ.